ಅನುರಾಧಪುರದ ಅರಳಿಮರ

ನಿಮ್ಮ ಊರಿನಲ್ಲಿಯೂ ಒಂದು ಅರಳಿಕಟ್ಟೆ ಇದ್ದೀತು. ಮರವನ್ನು ನೆಟ್ಟವರಾರು ಎಂದು ಕೇಳಿದರೆ, "ನಮ್ಮ ಅಜ್ಜನ ಕಾಲಕ್ಕೂ ಅದು ಹೀಗೆಯೇ ಇತ್ತಂತೆ" ಎಂದು ಹಿರಿಯರು ಸುಮ್ಮನಾಗುವರು. ಆದರೆ ನೆಟ್ಟವರ ಹೆಸರು ಗ್ರಂಥಗಳಲ್ಲಿ ಉಳಿದುಬಂದ ಅರಳಿಮರವೂ ಒಂದುಂಟು. ಅದು ಶ್ರೀಲಂಕೆಯ ಅನುರಾಧಪುರದ ಶ್ರೀ ಮಹಾಬೋಧಿ.

ಕ್ರಿ. ಪೂ. 3ನೆಯ ಶತಮಾನದ ಮಾತು. ಬುದ್ಧನು ಯಾವ ಮರದಡಿಯಲ್ಲಿ ಜ್ಞಾನವನ್ನು ಪಡೆದನೋ, ಬುದ್ಧಗಯೆಯ ಆ ಮರದ ದಕ್ಷಿಣದ ಕೊಂಬೆಯನ್ನು ಅಶೋಕನ ಮಗಳು ಸಂಘಮಿತ್ರೆ ಹಡಗಿನಲ್ಲಿ ಲಂಕೆಗೆ ಒಯ್ದಳು. ಅಲ್ಲಿಯ ಅರಸ ದೇವಾನಾಂಪಿಯ ತಿಸ್ಸನು ಅದನ್ನು ನೆಡಿಸಿದನು ಎಂದು 'ಮಹಾವಂಸ'ವು ಹೇಳುತ್ತದೆ. 'ದೇವಾನಾಂಪಿಯ' ಎಂಬ ಬಿರುದು ಕನ್ನಡಿಗರಿಗೆ ಅಪರಿಚಿತವಲ್ಲ. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಆ ಬಿರುದಿನ ಜೊತೆಯಲ್ಲಿಯೇ ಅಶೋಕನ ಹೆಸರೂ ಇದೆ.

ತಾಯಿಮರಕ್ಕೆ ಆಮೇಲೆ ಒದಗಿದ ಪಾಡು ದೊಡ್ಡದು. ಗೌಡದ ಅರಸ ಶಶಾಂಕನು ಅದನ್ನು ಕಡಿಸಿದನೆಂದು 7ನೆಯ ಶತಮಾನದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಬರೆದಿದ್ದಾನೆ. ಮತ್ತೆ ಅಲ್ಲಿ ಬೆಳೆದು ಮುಪ್ಪಾದ ಮರವೊಂದು 1876ರ ಬಿರುಗಾಳಿಗೆ ಉರುಳಿತು. ಮಗಳು ಮಾತ್ರ ಲಂಕೆಯಲ್ಲಿ ನಿಂತೇ ಇದ್ದಾಳೆ!

ಇದು ಬರಿಯ ಅದೃಷ್ಟವೆ? ಅಲ್ಲ. 993ರಲ್ಲಿ ಚೋಳರ ದಾಳಿಗೆ ಅನುರಾಧಪುರ ಬಿದ್ದಿತು. ರಾಜಧಾನಿ ಪೊಲೊನ್ನರುವಕ್ಕೆ ಹೋಯಿತು. ಬರಬರುತ್ತ ಅರಮನೆ ವಿಹಾರಗಳನ್ನು ಕಾಡು ನುಂಗಿತು. ಆದರೂ ಮರದ ಆರೈಕೆ ತಪ್ಪಲಿಲ್ಲ. 18ನೆಯ ಶತಮಾನದಲ್ಲಿ ಕೀರ್ತಿಶ್ರೀ ರಾಜಸಿಂಹನ ಆಳ್ವಿಕೆಯಲ್ಲಿ ಕಾಡಾನೆಗಳ ಕಾಟವನ್ನು ತಡೆಯಲು ಸುತ್ತಲೂ ಗೋಡೆ ಎದ್ದಿತು. ಇಂದು ಮುಪ್ಪಿನ ಕೊಂಬೆಗಳಿಗೆ ಬಂಗಾರದ ಬಣ್ಣದ ಊರೆಗೋಲುಗಳುಂಟು. ರೈತರು ಹೊಸ ಫಸಲಿನ ಮೊದಲ ಅಕ್ಕಿಯನ್ನು ತಂದು ಅರ್ಪಿಸುತ್ತಾರೆ.

ಇಷ್ಟು ಜತನದಿಂದ ಕಾದ ನೆರಳೂ ರಕ್ತವನ್ನು ಕಾಣದೆ ಉಳಿಯಲಿಲ್ಲ. 1983ರಲ್ಲಿ ಕೊಲಂಬೊ ಮೊದಲಾದ ಕಡೆ ಗುಂಪುಗಳು ತಮಿಳರನ್ನು ಕೊಂದವು. 1985ರ ಮೇ 14ರಂದು ತಮಿಳು ಹುಲಿಗಳು ಅನುರಾಧಪುರಕ್ಕೆ ನುಗ್ಗಿ, ಬಸ್ ನಿಲ್ದಾಣದಲ್ಲಿಯೂ ಈ ಮರದ ಸನ್ನಿಧಿಯಲ್ಲಿಯೂ ಗುಂಡು ಹಾರಿಸಿದರು. ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಭಿಕ್ಷುಗಳೂ ಭಿಕ್ಷುಣಿಯರೂ ಇದ್ದರು. ಕಳಿಂಗದ ರಕ್ತಪಾತಕ್ಕೆ ಮರುಗಿದ ಅರಸನ ಮಗಳು ತಂದ ಮರವಿದು ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಮರವನ್ನು ಮನುಷ್ಯರು ಕಾದರು. ಮನುಷ್ಯರನ್ನು ಕಾಯುವುದು ಮರದ ಕೈಯಲ್ಲಿರಲಿಲ್ಲ.

ಈ ಕಥೆಗೆ ಇನ್ನೊಂದು ಕವಲೂ ಇದೆ. 1931ರಲ್ಲಿ ಸಾರನಾಥದ ಹೊಸ ವಿಹಾರದ ಬಳಿ ಅನುರಾಧಪುರದ ಸಸಿಯೊಂದನ್ನು ನೆಟ್ಟರು. ಬುದ್ಧನು ಮೊದಲ ಉಪದೇಶವನ್ನು ಮಾಡಿದ ನೆಲ ಅದು. ಕಾಶಿಗೆ ಹೋದಾಗ ನೀವು ಅಲ್ಲಿಗೂ ಹೋಗಿ ಬನ್ನಿ. ಎರಡು ಸಾವಿರ ವರುಷಗಳ ಹಿಂದೆ ಸಮುದ್ರ ದಾಟಿ ಹೋದ ಮಗಳ ಸಂತಾನ ತವರಿಗೆ ಮರಳಿ ಬೇರೂರಿರುವುದನ್ನು ಕಣ್ಣಾರೆ ಕಾಣುವಿರಿ.