ಪರಮಪದದಿಂದ ಮೀಟರಿನವರೆಗೆ: ವಿದ್ಯುತ್ ಉಳಿತಾಯ ಕಲಿಸುವ ಆಟಗಳು

ವಿದ್ಯಾನಗರ: ಮನರಂಜನೆಯ ಜೊತೆಗೆ ತಿಳಿವಳಿಕೆಯನ್ನು ಬೆಳೆಸಿ, ನಡವಳಿಕೆಯನ್ನು ತಿದ್ದುವ ಉದ್ದೇಶದಿಂದ ರೂಪಿಸಿದ ಆಟಗಳನ್ನು ‘ಸೀರಿಯಸ್ ಗೇಮ್ಸ್’ ಎನ್ನುತ್ತಾರೆ. ಕನ್ನಡದಲ್ಲಿ ‘ಸೋದ್ದೇಶ ಆಟ’ ಎನ್ನಬಹುದು. 1970ರಲ್ಲಿ ಅಮೆರಿಕದ ಕ್ಲಾರ್ಕ್ ಆಬ್ಟ್ ಇದೇ ಹೆಸರಿನ ಗ್ರಂಥವನ್ನು ಪ್ರಕಟಿಸಿದರು. ಆದರೆ ಈ ಕಲ್ಪನೆ ನಮಗೆ ಹೊಸದಲ್ಲ. ಪುಣ್ಯಕ್ಕೆ ಏಣಿ, ಪಾಪಕ್ಕೆ ಹಾವು ಎಂದು ಕಲಿಸುವ ಪರಮಪದ ಸೋಪಾನಪಟವೂ ಅಂಥದೇ ಆಟ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆಂದೇ ‘ಕೌತುಕನಿಧಿ’ ಎಂಬ ಭಾಗವಿದೆ.

ಮನೆಯ ಮೀಟರೇ ತೀರ್ಪುಗಾರ

ಸ್ವೀಡನ್ನಿನಲ್ಲಿ ‘ಪವರ್ ಏಜೆಂಟ್’ ಎಂಬ ಮೊಬೈಲ್ ಆಟವನ್ನು ಪ್ರಯೋಗಿಸಿದಾಗ ಹದಿಹರೆಯದ ಮಕ್ಕಳು ತಂಡಗಳಾಗಿ ಸ್ಪರ್ಧಿಸಿದರು. ಅಂಕ ನಿರ್ಧರಿಸಿದ್ದು ಅವರವರ ಮನೆಯ ವಿದ್ಯುತ್ ಬಳಕೆ. ಗೆಲ್ಲಬೇಕಾದರೆ ಅಪ್ಪ ಅಮ್ಮಂದಿರನ್ನೂ ಜೊತೆಗೂಡಿಸಿಕೊಳ್ಳುವುದು ಅನಿವಾರ್ಯವಾಗಿತ್ತು. ಉಪದೇಶಕ್ಕಿಂತ ಆಟ ಹೆಚ್ಚು ಫಲಕಾರಿಯಾಗುವುದು ಇಲ್ಲಿಯೇ: ಮಾಡಿದ ಕೆಲಸದ ಫಲಿತಾಂಶ ಕೂಡಲೇ ಕಣ್ಣಿಗೆ ಕಾಣುತ್ತದೆ.

ನಮ್ಮ ಲೆಕ್ಕ

ಕೇರಳದಲ್ಲಿ ಎನರ್ಜಿ ಮ್ಯಾನೇಜ್‌ಮೆಂಟ್ ಸೆಂಟರ್ ಶಾಲೆಗಳಿಗಾಗಿ ‘ಸ್ಮಾರ್ಟ್ ಎನರ್ಜಿ ಪ್ರೋಗ್ರಾಂ’ ನಡೆಸುತ್ತದೆ. ನಮ್ಮ ಜಿಲ್ಲೆಯ ಪಿಲಿಕ್ಕೋಡು, ದೇಶದ ಮೊದಲ ಫಿಲಮೆಂಟ್ ಬಲ್ಬ್‌ರಹಿತ ಪಂಚಾಯತೆಂದು ಹೆಸರಾಗಿದೆ. 60 ವ್ಯಾಟಿನ ಹಳೆಯ ಬಲ್ಬಿನ ಬದಲಿಗೆ 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ದಿನಕ್ಕೆ 5 ಗಂಟೆ ಉರಿಸಿದರೆ ಎರಡು ತಿಂಗಳಲ್ಲಿ ಸುಮಾರು 15 ಯೂನಿಟ್ ಉಳಿಯುತ್ತದೆ. 75 ವ್ಯಾಟಿನ ಫ್ಯಾನಿನ ಬದಲಿಗೆ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನನ್ನು ದಿನಕ್ಕೆ 10 ಗಂಟೆ ತಿರುಗಿಸಿದರೆ 27 ಯೂನಿಟ್ ಉಳಿತಾಯ.

ಬಿಲ್ಲಿನಲ್ಲಿಯೂ ಒಂದು ಹಾವಿದೆ. ತಿಂಗಳಿಗೆ 250 ಯೂನಿಟ್, ಅಂದರೆ ಎರಡು ತಿಂಗಳಿಗೆ 500 ಯೂನಿಟ್ ತನಕ ಗೃಹಬಳಕೆಯ ದರ ಹಂತಹಂತವಾಗಿ ಏರುತ್ತದೆ. ಅದನ್ನು ದಾಟಿದರೆ ಮೊದಲ ಯೂನಿಟಿನಿಂದಲೇ ಇಡೀ ಬಳಕೆಗೆ ಒಂದೇ ಹೆಚ್ಚಿನ ದರ ಅನ್ವಯವಾಗುತ್ತದೆ.

ತರಗತಿಯಲ್ಲಿ ಹೀಗೆ ಆಡಬಹುದು

ರಟ್ಟಿನ ಮೇಲೆ 100 ಮನೆಗಳ ಪಟ ಬರೆಯಿರಿ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು, ಪದೇಪದೇ ತೆರೆಯುವ ಫ್ರಿಜ್ಜು, ಸಂಜೆಯ ಹೊತ್ತಿನ ಇಸ್ತ್ರಿಪೆಟ್ಟಿಗೆ ಹಾವುಗಳಾಗಲಿ. ಎಲ್‌ಇಡಿ ಬಲ್ಬು, ಬಿಸಿಲಿನಲ್ಲಿ ಒಣಗಿಸಿದ ಬಟ್ಟೆ ಏಣಿಗಳಾಗಲಿ. ಪ್ರತಿ ಸೋಮವಾರ ಮಕ್ಕಳು ಮನೆಯ ಮೀಟರ್ ಓದಿ ಬರೆದು ತರಲಿ. ಹಿಂದಿನ ವಾರಕ್ಕಿಂತ ಬಳಕೆ ತಗ್ಗಿದ್ದರೆ ಒಂದು ಹೆಚ್ಚುವರಿ ದಾಳ. ಹೋಲಿಕೆ ತಮ್ಮ ಮನೆಯೊಂದಿಗೇ ಇರಲಿ. ನೆರೆಮನೆಯೊಂದಿಗೆ ಹೋಲಿಸಿದರೆ ಬಡ ಮಕ್ಕಳಿಗೆ ಮುಜುಗರ. ಮೀಟರನ್ನು ಮುಟ್ಟದೆ, ದೂರದಿಂದಲೇ ಓದಬೇಕು. ಆಟ ಮುಗಿದೊಡನೆ ಉತ್ಸಾಹ ಇಳಿಯುವುದುಂಟು. ಆದುದರಿಂದ ಕನಿಷ್ಠ ಎರಡು ಬಿಲ್ಲುಗಳ ಕಾಲ ಮುಂದುವರಿಸುವುದು ಒಳಿತು.

ಭಾಷೆಯ ಪ್ರಶ್ನೆ

ಇಂಥ ಆಟ ಮನೆಮಾತಿನಲ್ಲಿ ಇದ್ದಾಗ ಮಾತ್ರ ಅಡುಗೆಮನೆಯ ತನಕ ತಲುಪುತ್ತದೆ. ಕನ್ನಡ ಮಾಧ್ಯಮದ ಮಗು ಬಿಲ್ಲಿನ ಪದಗಳನ್ನು ಕನ್ನಡದಲ್ಲಿ ಅಜ್ಜಿಗೆ ವಿವರಿಸಬಲ್ಲುದಾದರೆ ಉಳಿಯುವುದು ವಿದ್ಯುತ್ ಮಾತ್ರವಲ್ಲ, ಭಾಷೆಯೂ ಕೂಡ. ಸಿದ್ಧ ಸಾಮಗ್ರಿ ಬರಲೆಂದು ಕಾಯಬೇಕಿಲ್ಲ. ಡಿಸೆಂಬರ್ 14 ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. ಆ ದಿನಕ್ಕೆ ಗಡಿನಾಡಿನ ಪ್ರತಿಯೊಂದು ಕನ್ನಡ ಶಾಲೆಯೂ ತನ್ನದೇ ಒಂದು ಪಟವನ್ನು ಸಿದ್ಧಪಡಿಸಬಹುದು.