ಒಂದು ರೂಪಾಯಿ ಎರಡಾದ ಕಥೆ

ದುಬೈಯಿಂದ ಊರಿಗೆ ಹಣ ಕಳುಹಿಸುವ ನಮ್ಮ ಮಕ್ಕಳು ಮೊದಲು ಕೇಳುವುದು 'ಇವತ್ತು ರೇಟ್ ಎಷ್ಟು?' ಎಂದು. ಒಂದು ದಿರ್ಹಮಿಗೆ ಇಪ್ಪತ್ತಕ್ಕೂ ಹೆಚ್ಚು ರೂಪಾಯಿ ಸಿಗುವ ಕಾಲವಿದು. ಆದರೆ ಅದೇ ದುಬೈಯಲ್ಲಿ ಒಂದು ಕಾಲಕ್ಕೆ ಚಲಾವಣೆಯಲ್ಲಿದ್ದುದು ನಮ್ಮ ದೇಶದ ರೂಪಾಯಿಯೇ. ಆಗ ರೇಟ್ ಕೇಳುವ ಪ್ರಶ್ನೆಯೇ ಇರಲಿಲ್ಲ. ಈ ಚರಿತ್ರೆ ತಿಳಿದರೆ ನಮ್ಮ ಮನೆಗಳ ಕೆಲವು ಸಾಲದ ಜಗಳಗಳಿಗೂ ದಾರಿ ಕಾಣಬಹುದು.

ಬ್ರಿಟಿಷರ ಕಾಲದಲ್ಲಿ ಕೊಲ್ಲಿಯ ಅರಬ್ ನಾಡುಗಳ ವ್ಯಾಪಾರವೆಲ್ಲ ಮುಂಬಯಿಯ ಜೊತೆಗಿತ್ತು. ಅಲ್ಲಿನ ಮುತ್ತು ಮುಂಬಯಿಗೆ ಬರುತ್ತಿತ್ತು. ಇಲ್ಲಿಂದ ಅಕ್ಕಿ, ಬಟ್ಟೆ, ಮರ ಹೋಗುತ್ತಿತ್ತು. ಹೀಗಾಗಿ ಕುವೈತ್, ಬಹರೈನ್, ಕತಾರ್ ಮತ್ತು ಇಂದಿನ ಯುಎಇಯ ಸಂಸ್ಥಾನಗಳಲ್ಲಿ ರೂಪಾಯಿಯೇ ನಾಣ್ಯವಾಯಿತು. 1927ರಿಂದ ಒಂದು ರೂಪಾಯಿಯ ಬೆಲೆ ಒಂದು ಶಿಲ್ಲಿಂಗ್ ಆರು ಪೆನ್ಸ್ ಎಂದು ನಿಗದಿಯಾಗಿತ್ತು. ಅಂದರೆ ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ.

ಸ್ವಾತಂತ್ರ್ಯ ಬಂದ ಮೇಲೂ ಕೊಲ್ಲಿಯಲ್ಲಿ ರೂಪಾಯಿ ಉಳಿಯಿತು. ಆದರೆ ಭಾರತದಲ್ಲಿ ಚಿನ್ನದ ಆಮದಿಗೆ ನಿರ್ಬಂಧ ಬಿದ್ದು ಇಲ್ಲಿನ ಚಿನ್ನದ ಬೆಲೆ ಹೊರಗಿನದಕ್ಕಿಂತ ಬಹಳ ಏರಿತು. ಕಳ್ಳಸಾಗಣೆದಾರರು ರೂಪಾಯಿ ನೋಟು ಕೊಟ್ಟು ಕೊಲ್ಲಿಯಲ್ಲಿ ಚಿನ್ನ ಕೊಂಡು ದೋಣಿಗಳಲ್ಲಿ ಇಲ್ಲಿಗೆ ತರತೊಡಗಿದರು. ಆ ನೋಟುಗಳು ಅಲ್ಲಿನ ಬ್ಯಾಂಕುಗಳ ಮೂಲಕ ರಿಸರ್ವ್ ಬ್ಯಾಂಕಿಗೆ ಮರಳಿ ಬಂದಾಗ ಅವುಗಳಿಗೆ ಬದಲಾಗಿ ಪೌಂಡ್ ಕೊಡಬೇಕಾಗುತ್ತಿತ್ತು. ದೇಶದ ವಿದೇಶಿ ವಿನಿಮಯ ಹೀಗೆ ಸೋರಿಹೋಗುತ್ತಿತ್ತು. ಅದನ್ನು ತಡೆಯಲು 1959ರಲ್ಲಿ ಕಾನೂನು ತಿದ್ದಿ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಲಾಯಿತು. ಜನರು ಅದನ್ನು ಗಲ್ಫ್ ರೂಪಾಯಿ ಎಂದರು. ಬೆಲೆ ಮಾತ್ರ ಒಂದಕ್ಕೆ ಒಂದು. ಆದರೆ ಆ ನೋಟು ಭಾರತದ ಅಂಗಡಿಯಲ್ಲಿ ನಡೆಯುತ್ತಿರಲಿಲ್ಲ.

ಅದೇ ಹೊತ್ತಿನಲ್ಲಿ ನಮ್ಮ ಹಾಜಿಗಳಿಗಾಗಿ 10 ಮತ್ತು 100 ರೂಪಾಯಿಯ ಹಜ್ ನೋಟುಗಳೂ ಬಂದವು. ಅವು ಸೌದಿ ಅರೇಬಿಯಾದಲ್ಲಿ ಯಾತ್ರಿಕರ ಬಳಕೆಗೆ ಮಾತ್ರ. ಹೀಗೆ ರೂಪಾಯಿ ಎಂಬ ಒಂದೇ ಹೆಸರಿನಡಿ ಮೂರು ಬಗೆಯ ಕಾಗದಗಳಿದ್ದವು.

1961ರಲ್ಲಿ ಕುವೈತ್ ತನ್ನದೇ ದೀನಾರನ್ನು ತಂದಿತು. ಅದರ ಬೆಲೆ ಒಂದು ಪೌಂಡ್, ಅಂದರೆ ಹದಿಮೂರೂ ಚಿಲ್ಲರೆ ರೂಪಾಯಿ. 1965ರಲ್ಲಿ ಬಹರೈನ್ ಹತ್ತು ರೂಪಾಯಿಗೆ ಒಂದರಂತೆ ತನ್ನ ದೀನಾರನ್ನು ತಂದಿತು. ಉಳಿದವರು ರೂಪಾಯಿಯನ್ನೇ ನಂಬಿಕೊಂಡಿದ್ದರು.

ಆಗ ಬಂತು 1966ರ ಜೂನ್ 6. ಭಾರತ ಸರಕಾರ ರೂಪಾಯಿಯ ಅಪಮೌಲ್ಯ ಮಾಡಿತು. 4.76 ರೂಪಾಯಿಗೆ ಸಿಗುತ್ತಿದ್ದ ಡಾಲರಿಗೆ 7.50 ರೂಪಾಯಿ ಕೊಡಬೇಕಾಯಿತು. ಪೌಂಡ್ 21 ರೂಪಾಯಿಗೆ ಏರಿತು. ಲೆಕ್ಕ ನೋಡಿ: ಮುಂಬಯಿಯ ವ್ಯಾಪಾರಿಯೊಬ್ಬನಿಗೆ ಲಂಡನಿನಲ್ಲಿ 1,000 ಪೌಂಡ್ ಸಾಲವಿದ್ದರೆ, ಅದನ್ನು ತೀರಿಸಲು ಮೊದಲು ಸುಮಾರು 13,333 ರೂಪಾಯಿ ಸಾಕಿತ್ತು, ಆ ಮೇಲೆ 21,000 ಬೇಕಾಯಿತು. ಸಾಲ ಒಂದು ಪೆನ್ನಿಯೂ ಹೆಚ್ಚಿರಲಿಲ್ಲ.

ಗಲ್ಫ್ ರೂಪಾಯಿಯೂ ಜೊತೆಯಲ್ಲೇ ಕುಸಿಯಿತು. ದೆಹಲಿಯಲ್ಲಿ ತೆಗೆದುಕೊಂಡ ತೀರ್ಮಾನದಿಂದ ದುಬೈಯವನ ಪೆಟ್ಟಿಗೆಯ ಹಣ ಕರಗಿತು. ಅಲ್ಲಿನ ಆಡಳಿತಗಾರರು ಅದನ್ನು ಒಪ್ಪಲಿಲ್ಲ. ಅಬುಧಾಬಿ ಬಹರೈನಿನ ದೀನಾರನ್ನು ಸ್ವೀಕರಿಸಿತು. ಕತಾರ್ ಮತ್ತು ದುಬೈ ಅದೇ ವರ್ಷ ಜಂಟಿಯಾಗಿ ರಿಯಾಲ್ ತಂದವು. ಆ ರಿಯಾಲಿನ ಬೆಲೆಯನ್ನು ಅಪಮೌಲ್ಯಕ್ಕೆ ಮೊದಲಿನ ಒಂದು ರೂಪಾಯಿಗೆ ಸಮನಾಗಿ ಇಟ್ಟರು. 1973ರಲ್ಲಿ ಯುಎಇಯ ದಿರ್ಹಮ್ ಬಂದಾಗ ಅದು ಆ ರಿಯಾಲಿನ ಜಾಗದಲ್ಲಿ ಒಂದಕ್ಕೆ ಒಂದರಂತೆ ಕುಳಿತಿತು.

ಅಂದರೆ ಇಂದಿನ ದಿರ್ಹಮ್ 1966ಕ್ಕೆ ಮೊದಲಿನ ನಮ್ಮ ರೂಪಾಯಿಯ ವಾರಸುದಾರ. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರು ಪಾಲಾಗಿ ಹೋದಂತೆ. ದಿರ್ಹಮಿಗೆ ಎಣ್ಣೆಯ ಬಲ ಸಿಕ್ಕಿತು. 1997ರಿಂದ ಡಾಲರಿಗೆ 3.6725 ಎಂದು ನಿಂತಿದೆ. ರೂಪಾಯಿ 1991ರ ಜುಲೈಯಲ್ಲಿ ಮತ್ತೆ ಎರಡು ಸಲ ಅಪಮೌಲ್ಯ ಕಂಡು, 1993ರಿಂದ ಮಾರುಕಟ್ಟೆಯ ದರಕ್ಕೆ ಬಂತು. ಸಮನಾಗಿ ಹೊರಟ ಎರಡರ ನಡುವೆ ಇಂದು ಇಪ್ಪತ್ತು ಪಟ್ಟಿಗೂ ಮೀರಿದ ಅಂತರ.

ಇದರಲ್ಲಿ ನಮಗೇನು ಪಾಠ? ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಎಷ್ಟೋ ಮನೆಗಳು ಕೊಲ್ಲಿಯ ಹಣದಿಂದ ಎದ್ದಿವೆ. ಅಣ್ಣ ಅಲ್ಲಿಂದ ಹಣ ಕಳುಹಿಸುತ್ತಾನೆ, ತಮ್ಮ ಇಲ್ಲಿ ಮನೆ ಕಟ್ಟುತ್ತಾನೆ. ಹತ್ತು ವರ್ಷದ ನಂತರ ಅಣ್ಣ 'ನಾನು ಕೊಟ್ಟಿದ್ದು ದಿರ್ಹಮ್' ಎನ್ನುತ್ತಾನೆ, ತಮ್ಮ 'ನನ್ನ ಕೈಗೆ ಬಂದದ್ದು ರೂಪಾಯಿ' ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಬರೆದಿಟ್ಟಿಲ್ಲ, ಅಷ್ಟೆ. ಇಂಥ ಜಗಳಗಳನ್ನು ನಾವು ಮಸೀದಿಯಲ್ಲಿ ಕೇಳುತ್ತಲೇ ಇದ್ದೇವೆ.

ಸಹಾಬಿ ಇಬ್ನು ಉಮರ್(ರ) ಒಂಟೆ ಮಾರುವಾಗ ದೀನಾರಿಗೆ ಬೆಲೆ ಕಟ್ಟಿ ದಿರ್ಹಮ್ ಪಡೆಯುತ್ತಿದ್ದರು, ಕೆಲವೊಮ್ಮೆ ದಿರ್ಹಮಿಗೆ ಕಟ್ಟಿ ದೀನಾರ್ ಪಡೆಯುತ್ತಿದ್ದರು. ಈ ಬಗ್ಗೆ ಕೇಳಿದಾಗ, ಆ ದಿನದ ದರದಲ್ಲಿ ಪಡೆದು, ಇಬ್ಬರೂ ಅಗಲುವ ಮೊದಲು ಲೆಕ್ಕ ಚುಕ್ತಾ ಆಗುವುದಾದರೆ ತಪ್ಪಿಲ್ಲವೆಂದು ಪ್ರವಾದಿ(ಸ) ತಿಳಿಸಿದರೆಂದು ಅಬೂದಾವೂದ್‌ನಲ್ಲಿದೆ. 1988ರಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯೂ, ಯಾವ ಕರೆನ್ಸಿಯಲ್ಲಿ ಸಾಲವಿದೆಯೋ ಅದೇ ಕರೆನ್ಸಿಯ ಅಷ್ಟೇ ಮೊತ್ತ ತೀರಿಸಬೇಕು, ಬೆಲೆಯೇರಿಕೆ ನೋಡಿ ಹೆಚ್ಚಿಸುವಂತಿಲ್ಲ ಎಂದು ತೀರ್ಮಾನಿಸಿತು. ದಿರ್ಹಮಿನ ಸಾಲವನ್ನು ರೂಪಾಯಿಯಲ್ಲಿ ತೀರಿಸುವುದಾದರೆ ತೀರಿಸುವ ದಿನದ ದರ. ರೂಪಾಯಿಯ ಸಾಲಕ್ಕೆ ಅಷ್ಟೇ ರೂಪಾಯಿ. ದರ ನೋಡಿಕೊಂಡು ಆ ಮೇಲೆ ಕರೆನ್ಸಿ ಬದಲಿಸುವ ಹಕ್ಕು ಕೊಟ್ಟವನಿಗೂ ಇಲ್ಲ, ಪಡೆದವನಿಗೂ ಇಲ್ಲ.

ಸಾಲವನ್ನು ಬರೆದಿಡಿ ಎಂಬುದು ಕುರ್‌ಆನಿನ ಆದೇಶ. ಬರೆಯುವಾಗ ಮೊತ್ತದ ಜೊತೆ ಕರೆನ್ಸಿಯ ಹೆಸರು, ದಿನಾಂಕ, ಇಬ್ಬರು ಸಾಕ್ಷಿಗಳಿರಲಿ. ಕಳುಹಿಸಿದ್ದು ಸಾಲವೋ ಸಹಾಯವೋ ಎಂಬುದೂ ಅದರಲ್ಲಿರಲಿ. ಎರಡು ತಲೆಮಾರು ಅಲುಗದೆ ನಿಂತಿದ್ದ ದರವೇ 1966ರಲ್ಲಿ ಒಂದು ದಿನಕ್ಕೆ ಮುರಿದು ಬಿತ್ತು. ನಾಳಿನ ದರ ನಮ್ಮ ಕೈಯಲ್ಲಿಲ್ಲ, ಇಂದಿನ ಕಾಗದ ನಮ್ಮ ಕೈಯಲ್ಲಿದೆ. ಹಣದ ದರ ಏರಿಳಿದರೂ ರಕ್ತಸಂಬಂಧ ಕಡಿಯದಂತೆ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.