ನಿತ್ಯದ ಸ್ವ-ಆರೈಕೆ ಮತ್ತು ದುಡಿಮೆಯ ಬಳಲಿಕೆ

ನಿದ್ದೆ, ಊಟ, ವಿಶ್ರಾಂತಿ, ಮೈಗೆ ಬೇಕಾದಷ್ಟು ಓಡಾಟ, ಮನಸ್ಸಿಗೆ ಬೇಕಾದಷ್ಟು ಒಡನಾಟ, ಇವನ್ನು ಯಾರೂ ಎಚ್ಚರಿಸದೆಯೇ ದಿನವೂ ನೋಡಿಕೊಳ್ಳುವ ರೂಢಿಗೆ ಸ್ವ-ಆರೈಕೆ ಎನ್ನುತ್ತಾರೆ. ಈ ರೂಢಿ ತಪ್ಪಿಹೋಗಿ, ಕೆಲಸದ ಒತ್ತಡ ತಿಂಗಳುಗಟ್ಟಲೆ ಇಳಿಯದೆ ಉಳಿದಾಗ ಬರುವ ಸ್ಥಿತಿ ಬರ್ನ್‌ಔಟ್. ಇದು ಭಾನುವಾರ ಮಧ್ಯಾಹ್ನ ಮಲಗೆದ್ದರೆ ಕಳೆಯುವ ಆಯಾಸವಲ್ಲ. ಕೆಲಸಕ್ಕೆ ಹೊರಡುವ ಮೊದಲೇ ಕಸುವು ಬತ್ತಿರುತ್ತದೆ. ಜೊತೆಯವರ ಮೇಲೆ ಕಾರಣವಿಲ್ಲದೆ ಸಿಡುಕು, ಎಷ್ಟು ಮಾಡಿದರೂ ಇಷ್ಟೇ ಎಂಬ ಉದಾಸೀನ. ‘ಸಾಕಾಗಿಹೋಗಿದೆ’ ಎಂಬ ಮಾತು ಬಾಯಿಂದ ತಾನಾಗಿಯೇ ಬರತೊಡಗುವುದು ಇದರ ಮೊದಲ ಗುರುತು. ಮನೆಯವರು ಇದನ್ನು ಸ್ವಭಾವ ಕೆಟ್ಟಿತೆಂದು ತಿಳಿಯುವುದೇ ಹೆಚ್ಚು.

ಈ ಸ್ಥಿತಿಯನ್ನು ಶಾಸ್ತ್ರದ ಚರ್ಚೆಗೆ ತಂದವರು ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್. ಬಡವರಿಗೆ ಉಚಿತ ಚಿಕಿತ್ಸೆ ಕೊಡುತ್ತಿದ್ದ ಚಿಕಿತ್ಸಾಲಯವೊಂದರಲ್ಲಿ ಅವರು ದುಡಿಯುತ್ತಿದ್ದರು. 1974ರಲ್ಲಿ ಬರೆದ ಲೇಖನದಲ್ಲಿ ಅವರು ಗಮನಿಸಿದ್ದು, ಮೊದಲು ಕುಸಿಯುವವರು ಮೈಗಳ್ಳರಲ್ಲ, ಕೆಲಸಕ್ಕೆ ತಮ್ಮನ್ನು ಪೂರ್ತಿ ಒಪ್ಪಿಸಿಕೊಂಡವರು ಎಂಬುದನ್ನು. 1981ರಲ್ಲಿ ಕ್ರಿಸ್ಟೀನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಇದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಬರ್ನ್‌ಔಟ್‌ಗೆ ಜಾಗವಿದೆ, ಆದರೆ ಕಾಯಿಲೆಯಾಗಿ ಅಲ್ಲ. ಸರಿಯಾಗಿ ನಿಭಾಯಿಸದ ಉದ್ಯೋಗದ ಒತ್ತಡದಿಂದ ಹುಟ್ಟುವ ಸ್ಥಿತಿಯಾಗಿ. ಈ ಭೇದ ಮುಖ್ಯ. ಕಾರಣ ಮನುಷ್ಯನ ದೌರ್ಬಲ್ಯದಲ್ಲಿಲ್ಲ, ಕೆಲಸದ ಏರ್ಪಾಟಿನಲ್ಲಿದೆ ಎಂದು ಆ ಪಟ್ಟಿ ಒಪ್ಪಿಕೊಂಡಂತಾಯಿತು.

ಹೊಸೂರು ಸೀಮೆಯ ಪಾಳಿ ದುಡಿಮೆ

ಕೆಲಸದ ಏರ್ಪಾಟು ಬದುಕಿನ ಲಯವನ್ನು ಹೇಗೆ ಬದಲಿಸುತ್ತದೆಂಬುದಕ್ಕೆ ಹೊಸೂರು ಸೀಮೆ ಒಂದು ಉದಾಹರಣೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರು ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರು. ಅತ್ತಿಬೆಲೆ ದಾಟಿದರೆ ರಾಜ್ಯ ಬದಲಾಗುತ್ತದೆ, ಮಾತು ಅಷ್ಟು ಬೇಗ ಬದಲಾಗುವುದಿಲ್ಲ. ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ಹಲವು ಮನೆಗಳಲ್ಲಿ ಇಂದಿಗೂ ಕನ್ನಡ ಅಥವಾ ತೆಲುಗು, ಕಚೇರಿಯಲ್ಲಿ ತಮಿಳು. ನಗರದ ಅಂಚಿನ ಅವಲಪಲ್ಲಿ, ಅದರ ಹಡ್ಕೊ ಬಡಾವಣೆ ಇಂಥ ಮಿಶ್ರ ಜನವಸತಿಯ ಜಾಗಗಳು. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂದ ಮೇಲೆ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಇಲ್ಲಿ ಬೇರೂರಿದವು. ಈಚೆಗೆ ಟಾಟಾ ಎಲೆಕ್ಟ್ರಾನಿಕ್ಸ್ ಸಾವಿರಾರು ಯುವತಿಯರನ್ನು ಕೆಲಸಕ್ಕೆ ತೆಗೆದುಕೊಂಡಿತು. ರಾಗಿ, ಅವರೆ ಬೆಳೆಯುತ್ತಿದ್ದ ಹೊಲಗಳ ನಡುವೆ ಗುಲಾಬಿಯ ಪಾಲಿಹೌಸುಗಳೂ ಎದ್ದವು. ಎರಡು ಮೂರು ತಲೆಮಾರಿನೊಳಗೆ ಸೂರ್ಯನನ್ನು ನೋಡಿ ಏಳುತ್ತಿದ್ದ ಊರುಗಳು ಕಂಪನಿ ಬಸ್ಸಿನ ಹಾರ್ನ್‌ಗೆ ಏಳತೊಡಗಿದವು.

ಪಾಳಿ ಅಂದರೆ ಕೆಲಸದ ಗಂಟೆಯಷ್ಟೇ ಅಲ್ಲ. ಬೆಳಗ್ಗೆ ಆರರ ಪಾಳಿಗೆ ಐದಕ್ಕೆ ಬಸ್ಸು, ಅದಕ್ಕೆ ನಾಲ್ಕಕ್ಕೆ ಎಚ್ಚರ. ಮುಂದಿನ ವಾರ ನೈಟ್ ಶಿಫ್ಟ್ ಬಂದರೆ ಇದೇ ಮೈ ಬೆಳಗ್ಗೆ ಎಂಟಕ್ಕೆ ಮಲಗಬೇಕು. ದೇಹದೊಳಗಿನ ದಿನಮಾನದ ಲಯವನ್ನು ಜೀವಕೋಶಗಳು ಹೇಗೆ ನಡೆಸುತ್ತವೆ ಎಂಬುದನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2017ರ ವೈದ್ಯಶಾಸ್ತ್ರದ ನೊಬೆಲ್ ಬಂತು. ಆ ಲಯ ವಾರಕ್ಕೊಮ್ಮೆ ತಲೆಕೆಳಗಾದರೆ ನಿದ್ದೆ, ಜೀರ್ಣಶಕ್ತಿ, ಮನಸ್ಸು ಮೂರೂ ಕೆಡುತ್ತವೆ. ರಾತ್ರಿಪಾಳಿಯ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ ‘ಕ್ಯಾನ್ಸರಿಗೆ ಕಾರಣವಾಗುವ ಸಂಭವವಿರುವುದು’ ಎಂಬ ಗುಂಪಿಗೆ ಸೇರಿಸಿ, 2019ರಲ್ಲಿ ಆ ಮಾತನ್ನು ಮತ್ತೆ ಎತ್ತಿಹಿಡಿಯಿತು. ವಾರಕ್ಕೆ 55 ಗಂಟೆ ಮತ್ತು ಹೆಚ್ಚಿನ ದುಡಿಮೆಗೆ ಸಂಬಂಧಿಸಿದ ಪಾರ್ಶ್ವವಾಯು, ಹೃದ್ರೋಗಗಳಿಂದ 2016ರೊಂದರಲ್ಲೇ ಜಗತ್ತಿನಲ್ಲಿ 7,45,000 ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅಂದಾಜು ಮಾಡಿದವು.

ಹೀಗಾಗಿ ಈ ಸೀಮೆಯಲ್ಲಿ ಸ್ವ-ಆರೈಕೆಯ ಮೊದಲ ಪಾಠ ನಿದ್ದೆಯದು. ವಯಸ್ಕರಿಗೆ ದಿನಕ್ಕೆ ಏಳು ಗಂಟೆಯಾದರೂ ಬೇಕು. ರಾತ್ರಿಪಾಳಿ ಮುಗಿಸಿ ಬಂದವರು ಮನೆಗೆಲಸಕ್ಕೆ ಕೈಹಾಕದೆ ನೇರ ಮಲಗುವುದು, ಕಿಟಕಿಗೆ ದಪ್ಪ ಬಟ್ಟೆ ಕಟ್ಟುವುದು, ಫೋನನ್ನು ಬೇರೆ ಕೋಣೆಯಲ್ಲಿಡುವುದು ಸಣ್ಣ ಕೆಲಸಗಳು, ಫಲ ಸಣ್ಣದಲ್ಲ. ಕಾಫಿಯ ಅರ್ಧದಷ್ಟು ಕೆಫೀನ್ ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಹಿಡಿಯುತ್ತದೆ. ಆದ್ದರಿಂದ ಪಾಳಿಯ ಕೊನೆಯ ಭಾಗದಲ್ಲಿ ಕುಡಿದ ಕಾಫಿ ಮನೆಯ ನಿದ್ದೆಯನ್ನು ಕದಿಯುತ್ತದೆ. ಪಾಳಿ ಬದಲಾಗುವುದು ತಪ್ಪದೆಂದಾದರೆ ಬೆಳಗು, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ಸರಿಯುವುದು ಹಿಂದಕ್ಕೆ ಸರಿಯುವುದಕ್ಕಿಂತ ಮೈಗೆ ಸಲೀಸು. ಇದನ್ನು ತೀರ್ಮಾನಿಸುವುದು ಕಾರ್ಮಿಕರಲ್ಲ, ಪಾಳಿಪಟ್ಟಿ ಬರೆಯುವವರು.

ಹಳೆಯ ತಿಳಿವಳಿಕೆ

ದಿನಚರಿಯನ್ನು ಆರೋಗ್ಯಕ್ಕೆ ಕಟ್ಟುವ ವಿಚಾರ ಇಲ್ಲಿ ಹೊಸದಲ್ಲ. ವಾಗ್ಭಟನ ‘ಅಷ್ಟಾಂಗಹೃದಯ’ದ ಸೂತ್ರಸ್ಥಾನದಲ್ಲಿ ಎರಡನೆಯ ಅಧ್ಯಾಯವೇ ದಿನಚರ್ಯೆ. ವ್ಯಾಯಾಮವನ್ನು ಬಲದ ಅರ್ಧದಷ್ಟು ಮಾತ್ರ ಮಾಡಬೇಕೆಂಬ ಅದರ ಸೂಚನೆ ಇಂದಿನ ಜಿಮ್ ಜಾಹೀರಾತುಗಳಿಗೆ ತೀರ ಉಲ್ಟಾ. ಅದಕ್ಕಿಂತ ಬೆಲೆಯುಳ್ಳದ್ದು ನಾಲ್ಕನೆಯ ಅಧ್ಯಾಯ. ತಡೆಹಿಡಿಯಬಾರದ 13 ವೇಗಗಳನ್ನು ಅಲ್ಲಿ ಹೇಳಿದೆ. ಮೂತ್ರ, ಹಸಿವು, ಬಾಯಾರಿಕೆ, ನಿದ್ದೆ ಅವುಗಳಲ್ಲಿವೆ. ದಣಿದಾಗ ಬರುವ ಏದುಸಿರು ಮತ್ತು ಕಣ್ಣೀರೂ ಇವೆ. ಟಾರ್ಗೆಟ್ ಮುಟ್ಟುವವರೆಗೆ ಶೌಚಾಲಯಕ್ಕೆ ಹೋಗಲು ಹಿಂಜರಿದು ನೀರನ್ನೇ ಕಡಿಮೆ ಕುಡಿಯುವ ಕಾರ್ಖಾನೆ ಲೈನಿನ ಹುಡುಗಿಯರಿಗೆ ಆ ಪಟ್ಟಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂತ್ರನಾಳದ ಸೋಂಕಿಗೆ ಇದೊಂದು ದಾರಿ ಎಂದು ಇಂದಿನ ವೈದ್ಯರೂ ಎಚ್ಚರಿಸುತ್ತಾರೆ.

ಒಕ್ಕಲುತನದಲ್ಲಿ ಬಿಡುವು ಕಟ್ಟಳೆಯಾಗಿಯೇ ಇತ್ತು. ಕನ್ನಡ ಸೀಮೆಯ ಹಲವೆಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಬಸವಣ್ಣನ ದಿನವೆಂದು ಎತ್ತಿಗೆ ರಜೆ, ಹಾಗಾಗಿ ಉಳುವವನಿಗೂ ಅರ್ಧ ರಜೆ. ವಾರದ ಎಣ್ಣೆಸ್ನಾನವೂ ಇಂಥದೇ ಕಟ್ಟಳೆ: ಎಣ್ಣೆ ಹಚ್ಚಿಕೊಂಡು ಕೂತವನನ್ನು ಯಾರೂ ಕೆಲಸಕ್ಕೆ ಕರೆಯುವಂತಿರಲಿಲ್ಲ. ದುಡಿಮೆಯನ್ನು ಬಹಳ ಮೇಲಕ್ಕೆ ಎತ್ತಿದ ಶರಣರಲ್ಲೂ ಅದಕ್ಕೊಂದು ಮಿತಿಯ ಕಥೆಯಿದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಶರಣ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ನಮಗಿಷ್ಟೇಕೆಂದು ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಕಳಿಸಿದಳಂತೆ. ಮಗಳ ಕಾಲೇಜು ಫೀಸಿಗೆಂದು ತಿಂಗಳಿಡೀ ಓಟಿ ಮಾಡುವವರಿಗೆ ಈ ಕಥೆ ಹೇಳಲು ಧೈರ್ಯ ಬೇಕು ಎಂಬುದೂ ನಿಜ.

ರೂಢಿಯಾಗುವ ಬಗೆ

ಯೋಗ ದಿನದಂದು ಚಾಪೆ ಹಾಸಿ ಫೋಟೋ ತೆಗೆಸಿಕೊಳ್ಳುವುದು ಸ್ವ-ಆರೈಕೆಯಲ್ಲ. ಯೋಚಿಸದೆಯೇ ನಡೆದುಹೋದಾಗ ಮಾತ್ರ ಅದು ರೂಢಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ಮೈಗೂಡಲು ಹಿಡಿದ ಕಾಲ 18ರಿಂದ 254 ದಿನ. ನಡುವಿನ ಲೆಕ್ಕ 66 ದಿನ. 21 ದಿನದಲ್ಲಿ ಬದುಕು ಬದಲಿಸುವ ಭರವಸೆ ಕೊಡುವವರನ್ನು ನಂಬಬೇಕಾಗಿಲ್ಲ. ನೀರು ಕುಡಿಯುವಂಥ ಸುಲಭದ ಅಭ್ಯಾಸ ಬೇಗ ಕೂಡಿತು, ವ್ಯಾಯಾಮ ತಡವಾಗಿ. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಡಲಿಲ್ಲ ಎಂಬುದು ಆ ಅಧ್ಯಯನದ ಬಹಳ ಉಪಯೋಗದ ಮಾತು. ಒಂದು ದಿನ ಬಿಟ್ಟುಹೋಯಿತೆಂದು ಎಲ್ಲವನ್ನೂ ಕೈಬಿಡುವವರೇ ಹೆಚ್ಚಲ್ಲವೆ!

ಹೊಸದನ್ನು ಹಳೆಯದಕ್ಕೆ ಕಟ್ಟುವುದು ಇದರ ಒಳಗುಟ್ಟು. ‘ಸಮಯ ಸಿಕ್ಕಾಗ ನಡೆಯುತ್ತೇನೆ’ ಎಂದರೆ ಆ ಸಮಯ ಸಿಗುವುದಿಲ್ಲ. ‘ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿದು ನಡೆಯುತ್ತೇನೆ’ ಎಂದರೆ ದಿನವೂ ಬರುವ ಬಸ್ಸೇ ನೆನಪಿಸುತ್ತದೆ. ಹೀಗೆ ಇಂಥ ಹೊತ್ತಿಗೆ ಇಂಥ ಕೆಲಸವೆಂದು ಮೊದಲೇ ಗೊತ್ತುಮಾಡಿಕೊಂಡವರು ಬರೀ ಸಂಕಲ್ಪ ಮಾಡಿದವರಿಗಿಂತ ಹೆಚ್ಚು ಸಾಧಿಸುತ್ತಾರೆಂದು ಜರ್ಮನ್ ಮನೋವಿಜ್ಞಾನಿ ಪೀಟರ್ ಗಾಲ್ವಿಟ್ಜರ್ ತೋರಿಸಿದರು. ಕ್ಯಾಂಟೀನಿನಲ್ಲಿ ತಟ್ಟೆ ತೊಳೆದ ಮೇಲೆ ಐದು ನಿಮಿಷ ಹೊರಗಿನ ಬೆಳಕಿನಲ್ಲಿ ನಿಲ್ಲುವುದು, ಗೇಟು ದಾಟಿದೊಡನೆ ಕೆಲಸದ ವಾಟ್ಸಾಪ್ ಗುಂಪನ್ನು ಮ್ಯೂಟ್ ಮಾಡುವುದು ಇಂಥವು. ಎರಡನೆಯದು ಕಾಣುವುದಕ್ಕಿಂತ ಭಾರದ್ದು. ದುಡಿಮೆಯಿಂದ ಚೇತರಿಸಿಕೊಳ್ಳುವ ಬಗೆಯನ್ನು ಅಭ್ಯಸಿಸಿದ ಸಬೀನೆ ಸೊನ್ನೆನ್‌ಟಾಗ್ ಅವರ ಪ್ರಕಾರ, ಮೈ ಮನೆಗೆ ಬಂದು ಮನಸ್ಸು ಕೆಲಸದಲ್ಲೇ ಉಳಿದರೆ ವಿಶ್ರಾಂತಿ ಆಗುವುದೇ ಇಲ್ಲ.

ಹೆಂಗಸರ ಮಟ್ಟಿಗೆ ಈ ಮಾತು ಅರ್ಧ ಮಾತ್ರ ಹೊಂದುತ್ತದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಮಾಡುವ ಗಂಡಸರು 97 ನಿಮಿಷ. ಗೇಟು ದಾಟಿದ ಮೇಲೆ ದುಡಿಯುವ ಹೆಂಗಸಿಗೆ ಇನ್ನೊಂದು ಪಾಳಿ ಕಾದಿರುತ್ತದೆ. ಮುದ್ದೆ ತೊಳಸುವ, ಮಕ್ಕಳ ಟಿಫನ್ ಕಟ್ಟುವ, ಅತ್ತೆಯ ಮಾತ್ರೆ ನೋಡುವ ಕೆಲಸಗಳಲ್ಲಿ ಒಂದನ್ನಾದರೂ ಮನೆಯ ಇನ್ನೊಬ್ಬರು ಖಾಯಂ ವಹಿಸಿಕೊಳ್ಳದಿದ್ದರೆ ಅವಳಿಗೆ ಹೇಳುವ ಪ್ರಾಣಾಯಾಮದ ಸಲಹೆ ಇನ್ನೊಂದು ಕೆಲಸ ಹೊರಿಸಿದಂತೆ. ಗಂಡ ‘ಸಹಾಯ’ ಮಾಡುವುದಕ್ಕೂ ಆ ಕೆಲಸ ತನ್ನದೆಂದು ಹೊರುವುದಕ್ಕೂ ಬಹಳ ಅಂತರ.

ಒಬ್ಬರಿಂದ ಆಗದ್ದು

ಸ್ವ-ಆರೈಕೆ ಎಲ್ಲವನ್ನೂ ಸರಿಪಡಿಸುತ್ತದೆಂಬ ಪ್ರಚಾರಕ್ಕೆ ಅಧ್ಯಯನಗಳ ಬೆಂಬಲ ಕಡಿಮೆ. ವೈದ್ಯರ ಬಳಲಿಕೆ ಕುರಿತು 2017ರಲ್ಲಿ ಮಾರಿಯಾ ಪನಾಗಿಯೋಟಿ ಮತ್ತಿತರರು ನಡೆಸಿದ ಪರಿಶೀಲನೆಯಲ್ಲಿ, ವ್ಯಕ್ತಿಗೆ ತರಬೇತಿ ಕೊಡುವುದಕ್ಕಿಂತ ಪಾಳಿ, ಕೆಲಸದ ಹೊರೆ ಬದಲಿಸಿದಲ್ಲಿ ಹೆಚ್ಚು ಗುಣ ಕಂಡಿತು. ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಬ್ರಿಟನ್ನಿನ 46,000ಕ್ಕೂ ಹೆಚ್ಚು ನೌಕರರ ಮಾಹಿತಿ ಜಾಲಾಡಿದರು. ಕಂಪನಿ ಕೊಡುವ ಧ್ಯಾನದ ಆ್ಯಪ್, ಒತ್ತಡ ನಿರ್ವಹಣೆಯ ತರಗತಿಗಳಲ್ಲಿ ಪಾಲ್ಗೊಂಡವರು ಪಾಲ್ಗೊಳ್ಳದವರಿಗಿಂತ ಚೆನ್ನಾಗಿರಲಿಲ್ಲ. ಕೊಂಚ ಬೇರೆಯಾಗಿ ಕಂಡಿದ್ದು ಸಮಾಜಸೇವೆಗೆ ಅವಕಾಶ ಕೊಟ್ಟ ಯೋಜನೆಗಳು ಮಾತ್ರ.

ಆದ್ದರಿಂದ ಗಂಟೆಗಳ ಮಿತಿಯ ಹೋರಾಟವೂ ಈ ವಿಷಯದ ಭಾಗವೇ. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ, ಐದು ಗಂಟೆ ದುಡಿಮೆಯ ನಂತರ ಕನಿಷ್ಠ ಅರ್ಧ ಗಂಟೆ ಬಿಡುವು, ವಾರದ ರಜೆ, ಓಟಿಗೆ ಇಮ್ಮಡಿ ಕೂಲಿ ಎಂದು ಬರೆಯಿತು. ಸ್ವತಂತ್ರ ಭಾರತದ ದುಡಿಯುವವರಿಗೆ ಸಿಕ್ಕ ಬಹುದೊಡ್ಡ ಸ್ವ-ಆರೈಕೆಯ ಸಾಧನ ಅದು ಎಂದರೆ ಉತ್ಪ್ರೇಕ್ಷೆಯಲ್ಲ. 2023ರಲ್ಲಿ ಕರ್ನಾಟಕ ದಿನದ ದುಡಿಮೆಯನ್ನು 12 ಗಂಟೆಯವರೆಗೆ ಹಿಗ್ಗಿಸಲು ತಿದ್ದುಪಡಿ ತಂದಿತು. ಅದೇ ವರ್ಷದ ಏಪ್ರಿಲಿನಲ್ಲಿ ತಮಿಳುನಾಡು ವಿಧಾನಸಭೆಯೂ ಅಂಥದೊಂದು ಮಸೂದೆ ಒಪ್ಪಿತು. ಕಾರ್ಮಿಕ ಸಂಘಗಳ ವಿರೋಧಕ್ಕೆ ಮಣಿದು ಮೇ 1ರಂದು ಮುಖ್ಯಮಂತ್ರಿ ಸ್ಟಾಲಿನ್ ಅದನ್ನು ಹಿಂತೆಗೆದುಕೊಂಡುದಾಗಿ ಹೇಳಿದರು. ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರುವ ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕೆಂದು ಅದೇ ರಾಜ್ಯ 2021ರಲ್ಲಿ ಕಾನೂನು ಮಾಡಿತ್ತು. ಇತ್ತ ಬೆಂಗಳೂರಿನಲ್ಲಿ 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ಎನ್. ಆರ್. ನಾರಾಯಣಮೂರ್ತಿ ಯುವಕರು ವಾರಕ್ಕೆ 70 ಗಂಟೆ ದುಡಿಯಲಿ ಎಂದದ್ದು ದೇಶವಿಡೀ ಚರ್ಚೆಯಾಯಿತು. ಅತ್ತಿಬೆಲೆಯ ಟ್ರಾಫಿಕ್ಕನ್ನು ಆ 70ರಲ್ಲಿ ಸೇರಿಸಬೇಕೋ ಬೇಡವೋ ಎಂಬ ಪ್ರಶ್ನೆ ಯಾರೂ ಎತ್ತಿದಂತಿಲ್ಲ.

ವೈದ್ಯರ ಬಳಿ ಹೋಗಬೇಕಾದಾಗ

ಎಲ್ಲ ಸುಸ್ತೂ ಬರ್ನ್‌ಔಟ್ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ರಕ್ತಹೀನತೆ ತಮಿಳುನಾಡಿನಲ್ಲಿ ಶೇ. 53.4, ಕರ್ನಾಟಕದಲ್ಲಿ ಶೇ. 47.8. ಥೈರಾಯ್ಡ್, ಸಕ್ಕರೆ ಕಾಯಿಲೆ, ಖಿನ್ನತೆಗಳೂ ಸುಸ್ತಿನ ವೇಷದಲ್ಲೇ ಬರುತ್ತವೆ. ಎರಡು ವಾರ ಮೀರಿ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅದು ಖಿನ್ನತೆಯಿರಬಹುದು. ಬದುಕು ಬೇಡ ಎನಿಸತೊಡಗಿದರೆ ಒಂದು ದಿನವೂ ಕಾಯಬಾರದು. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸದೆ ಮನಸ್ಸನ್ನು ಗಟ್ಟಿಮಾಡಿಕೊಳ್ಳಲು ಹೇಳುವುದು ಅನ್ಯಾಯ.

ಹೊಸೂರಿರುವ ಜಿಲ್ಲೆಯಲ್ಲಿ ಬಾಗಿಲಿಗೇ ಬರುವ ಆರೈಕೆಯೊಂದಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಮನೆಯಲ್ಲೇ ತಪಾಸಿಸಿ ಮಾತ್ರೆ ತಲುಪಿಸುವ ತಮಿಳುನಾಡಿನ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಆರಂಭವಾದದ್ದು ಕೃಷ್ಣಗಿರಿ ಜಿಲ್ಲೆಯ ಸಾಮನಪಲ್ಲಿಯಲ್ಲಿ. ಮಹಿಳಾ ಆರೋಗ್ಯ ಸ್ವಯಂಸೇವಕಿಯರೇ ಅದರ ಬೆನ್ನೆಲುಬು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ಕಾರ್ಮಿಕರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಸೌಲಭ್ಯವುಂಟು: ಅರ್ಹತೆಯಿದ್ದರೆ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70ರಷ್ಟು ಸಿಗುತ್ತದೆ. ಕಾಯಿಲೆಯಲ್ಲೂ ಕೆಲಸಕ್ಕೆ ಹೋಗುವವರಲ್ಲಿ ಅನೇಕರಿಗೆ ಈ ಹಕ್ಕಿನ ಅರಿವೇ ಇರುವುದಿಲ್ಲ. ಮನಸ್ಸಿನ ತೊಂದರೆಗೆ 2022ರ ಅಕ್ಟೋಬರ್ 10ರಿಂದ ಟೆಲಿ-ಮಾನಸ್ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ, ದುಡ್ಡು ಕೊಡದೆ, ಕನ್ನಡ, ತಮಿಳು, ತೆಲುಗು ಮೂರರಲ್ಲಿ ಯಾವುದರಲ್ಲಾದರೂ ಮಾತಾಡಬಹುದು.